ಗೆರೆ ಸರಿದಾಗ

1996ರಲ್ಲಿ ನಮ್ಮ ತಂದೆಯವರ ರಕ್ತದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ 132 ಇತ್ತು. "ಸಕ್ಕರೆ ಕಾಯಿಲೆಯಲ್ಲ" ಎಂದರು ವೈದ್ಯರು. ನಾಲ್ಕು ವರ್ಷಗಳ ನಂತರವೂ ಅದೇ 132. ಆದರೆ ಈ ಸಲ ಮಾತ್ರೆ ಬರೆದುಕೊಟ್ಟರು. "ಬದಲಾದದ್ದು ನನ್ನ ರಕ್ತವೋ, ನಿಮ್ಮ ಲೆಕ್ಕವೋ?" ಎಂದು ತಂದೆಯವರು ಕೇಳಿದ್ದರು.

ಬದಲಾದದ್ದು ಲೆಕ್ಕ. ಅದುವರೆಗೆ ಡೆಸಿಲೀಟರಿಗೆ 140 ಮಿಲಿಗ್ರಾಂ ಇದ್ದ ಗೆರೆಯನ್ನು ಅಮೆರಿಕದ ಮಧುಮೇಹ ಸಂಘವು 1997ರಲ್ಲಿ 126ಕ್ಕೆ ಇಳಿಸಿತು. 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಅಂಗೀಕರಿಸಿತು. ಕಣ್ಣಿನ ಅಕ್ಷಿಪಟಲಕ್ಕೆ ಹಾನಿ ಹೆಚ್ಚತೊಡಗುವುದು ಆ ಮಟ್ಟದ ಆಸುಪಾಸಿನಲ್ಲೇ ಎಂಬುದು ಒಂದು ಮುಖ್ಯ ಆಧಾರವಾಗಿತ್ತು.

ಮೇಷ್ಟರಾಗಿದ್ದವನಿಗೆ ಇದು ಹೊಸತಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಉತ್ತೀರ್ಣತೆಯ ಅಂಕವನ್ನು 35ರಿಂದ 30ಕ್ಕೆ ಇಳಿಸಿದರೆ ಫಲಿತಾಂಶ ಏರುತ್ತದೆ. ಮಕ್ಕಳ ಕಲಿಕೆ ಇದ್ದಷ್ಟೇ ಇರುತ್ತದೆ.

ಗೆರೆಯಂತೆಯೇ ಪರೀಕ್ಷೆಯ ಆಯ್ಕೆಯೂ ಲೆಕ್ಕವನ್ನು ಬದಲಿಸುತ್ತದೆ. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಭಾರತದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದಿತು. ಮರುವರ್ಷ ಲ್ಯಾನ್ಸೆಟ್‌ನಲ್ಲಿ ಬಂದ ಜಾಗತಿಕ ಅಧ್ಯಯನ 21.2 ಕೋಟಿ ಎಂದಿತು. ಒಂದೇ ವರ್ಷದಲ್ಲಿ ಕಾಯಿಲೆ ಇಮ್ಮಡಿಯಾಗಲಿಲ್ಲ. ಮೊದಲನೆಯದು ಖಾಲಿ ಹೊಟ್ಟೆಯ ಸಕ್ಕರೆಯನ್ನೂ ಗ್ಲೂಕೋಸ್ ಕುಡಿದ ಎರಡು ಗಂಟೆಯ ಮೇಲಿನ ಸಕ್ಕರೆಯನ್ನೂ ನೋಡಿತು. ಎರಡನೆಯದು ಖಾಲಿ ಹೊಟ್ಟೆಯ ಸಕ್ಕರೆ ಅಥವಾ ಎಚ್‌ಬಿಎ1ಸಿಯನ್ನು ಆಧರಿಸಿತು. ಕಬ್ಬಿಣಾಂಶದ ಕೊರತೆಯಿದ್ದರೆ ಎಚ್‌ಬಿಎ1ಸಿ ಹೆಚ್ಚಾಗಿ ತೋರುವುದುಂಟು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಮಾತಲ್ಲ.

ಹಾಗೆಂದು ಕಾಯಿಲೆಯೇ ಸುಳ್ಳೆಂದು ಯಾರೂ ಭಾವಿಸಬಾರದು. ಒಂದೇ ಅಳತೆಗೋಲಿನಿಂದ ಅಳೆದರೂ ನಮ್ಮಲ್ಲಿ ಮಧುಮೇಹ ಹೆಚ್ಚಿದೆ. ತಂದೆಯವರ ಕಣ್ಣು ಮಂಜಾದದ್ದೂ ನಿಜ. ಆ ನಾಲ್ಕು ವರ್ಷಗಳು ಪಥ್ಯವಿಲ್ಲದೆ ಕಳೆದುಹೋದವಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ.