ಕಂಪ್ಯೂಟರ್‌ನಲ್ಲಿರುವ ವಿಡಿಯೊವನ್ನು ವೈಫೈ ಮೂಲಕ ಟಿವಿಯಲ್ಲಿ ನೋಡಿದರೆ ನೆಟ್ ಪ್ಯಾಕ್ ಖಾಲಿಯಾಗುತ್ತದೆಯೇ?

ಮದುವೆ, ಗೃಹಪ್ರವೇಶ, ಮಗುವಿನ ನಾಮಕರಣ... ಹೀಗೆ ನೂರಾರು ವಿಡಿಯೊಗಳು ಹಲವರ ಮನೆಯಲ್ಲಿ ಹಳೆಯ ಕಂಪ್ಯೂಟರಿನ ಹಾರ್ಡ್ ಡಿಸ್ಕಿನಲ್ಲೇ ಉಳಿದುಬಿಟ್ಟಿವೆ. ಅವನ್ನು ಹಾಲ್‌ನಲ್ಲಿರುವ ಟಿವಿಯಲ್ಲೋ ಕೈಯಲ್ಲಿರುವ ಮೊಬೈಲಿನಲ್ಲೋ ನೋಡಲು ಪ್ರತಿ ಸಲ ಪೆನ್ ಡ್ರೈವ್ ಹುಡುಕಬೇಕಿಲ್ಲ. ಮನೆಯ ವೈಫೈ ಮೂಲಕವೇ ಪ್ಲೇ ಮಾಡಬಹುದು. ಆದರೆ ಹಾಗೆಂದ ಕೂಡಲೇ ಮನೆಯಲ್ಲಿ ಯಾರಾದರೊಬ್ಬರು ಹೇಳುತ್ತಾರೆ: "ಬೇಡಪ್ಪ, ನೆಟ್ ಪ್ಯಾಕ್ ಎಲ್ಲ ಖಾಲಿಯಾಗುತ್ತೆ!" ಇದು ನಿಜವೇ?

ಒಂದೇ ಮಾತಿನ ಉತ್ತರ: ಇಲ್ಲ. ವಿಡಿಯೊ ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿದ್ದು, ನೋಡುವ ಸಾಧನವೂ ಅದೇ ವೈಫೈಗೆ ಸೇರಿದ್ದರೆ ನೆಟ್ ಪ್ಯಾಕ್‌ಗೂ ಅದಕ್ಕೂ ಸಂಬಂಧವಿಲ್ಲ. ಏಕೆ ಎಂದು ನೋಡೋಣ.

ವೈಫೈ ಬೇರೆ, ಇಂಟರ್ನೆಟ್ ಬೇರೆ

ನಾವು ದಿನನಿತ್ಯ ಈ ಎರಡೂ ಪದಗಳನ್ನು ಒಂದೇ ಅರ್ಥದಲ್ಲಿ ಬಳಸುತ್ತೇವೆ. ಗೊಂದಲ ಶುರುವಾಗುವುದು ಅಲ್ಲಿಂದಲೇ. ವೈಫೈ ಎಂದರೆ ರೌಟರ್ ಮತ್ತು ನಿಮ್ಮ ಸಾಧನಗಳ ನಡುವಿನ ಸಂಪರ್ಕ. ಇಂಟರ್ನೆಟ್ ಎಂದರೆ ಆ ರೌಟರ್‌ನಿಂದ ಹೊರಗಿನ ಪ್ರಪಂಚಕ್ಕೆ ಇರುವ ದಾರಿ. ಕಂಪನಿ ಲೆಕ್ಕ ಇಡುವುದು ಹೊರಗಿನ ದಾರಿಯಲ್ಲಿ ಸಾಗಿದ್ದಕ್ಕೆ ಮಾತ್ರ. ಅಡುಗೆಮನೆಯಿಂದ ಹಾಲ್‌ಗೆ ಕಾಫಿ ತರಲು ಯಾರೂ ಆಟೊ ಹಿಡಿಯುವುದಿಲ್ಲ, ಮೀಟರ್ ಓಡುವ ಪ್ರಶ್ನೆಯೂ ಇಲ್ಲ. ಇದೂ ಹಾಗೆಯೇ.

ನಿಮ್ಮ ಮೊಬೈಲಿನ ವೈಫೈ ಸೆಟ್ಟಿಂಗ್‌ನಲ್ಲಿ ಐಪಿ ವಿಳಾಸ ನೋಡಿ. ಸಾಮಾನ್ಯವಾಗಿ ಅದು 192.168 ಅಥವಾ 10 ಎಂದು ಆರಂಭವಾಗುತ್ತದೆ. ಇವು ಒಳಗಿನ ಬಳಕೆಗೆಂದೇ ಮೀಸಲಾದ ವಿಳಾಸಗಳು. ಇಂಥ ಎರಡು ವಿಳಾಸಗಳ ನಡುವಿನ ಮಾತುಕತೆಯನ್ನು ರೌಟರ್ ಮನೆಯೊಳಗೇ ಮುಗಿಸುತ್ತದೆ, ಹೊರಗೆ ಕಳುಹಿಸುವುದಿಲ್ಲ.

ಹಾಗಾದರೆ ಮೊಬೈಲ್ ‘4 ಜಿಬಿ ಬಳಕೆ’ ಎಂದು ತೋರಿಸುವುದೇಕೆ?

ಈ ನಂಬಿಕೆ ಗಟ್ಟಿಯಾಗಲು ಇದೂ ಒಂದು ಕಾರಣ. ಕಂಪ್ಯೂಟರ್‌ನಲ್ಲಿದ್ದ ಸಿನಿಮಾವನ್ನು ಮೊಬೈಲಿನಲ್ಲಿ ನೋಡಿ, ಆಮೇಲೆ ಡೇಟಾ ಬಳಕೆಯ ಪುಟ ತೆರೆದರೆ ವೈಫೈ ಎದುರು ದೊಡ್ಡ ಸಂಖ್ಯೆ ಕಾಣುತ್ತದೆ. ಗಾಬರಿ ಬೇಡ. ಮೊಬೈಲ್ ಅಲ್ಲಿ ಎಣಿಸುವುದು ವೈಫೈ ಮೂಲಕ ಬಂದುಹೋದ ಎಲ್ಲವನ್ನೂ. ಅದು ಪಕ್ಕದ ಕೋಣೆಯಿಂದ ಬಂತೋ ಅಮೆರಿಕದಿಂದ ಬಂತೋ ಎಂಬ ಭೇದ ಆ ಲೆಕ್ಕದಲ್ಲಿಲ್ಲ. ನಿಜವಾದ ಖರ್ಚು ತಿಳಿಯಬೇಕಿದ್ದರೆ ಇಂಟರ್ನೆಟ್ ಕಂಪನಿಯ ಆ್ಯಪ್‌ನಲ್ಲಿರುವ ಲೆಕ್ಕ ನೋಡಿ.

ನಂಬಬೇಡಿ, ಪರೀಕ್ಷಿಸಿ

ಒಂದು ಮೊಬೈಲಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಹಾಟ್‌ಸ್ಪಾಟ್ ಆನ್ ಮಾಡಿ. ವಿಡಿಯೊ ಇರುವ ಕಂಪ್ಯೂಟರ್ ಮತ್ತು ಇನ್ನೊಂದು ಮೊಬೈಲ್ ಎರಡನ್ನೂ ಆ ಹಾಟ್‌ಸ್ಪಾಟ್‌ಗೆ ಸೇರಿಸಿ. ಆ ಎರಡನೇ ಮೊಬೈಲಿನಲ್ಲೂ ಮೊಬೈಲ್ ಡೇಟಾ ಆಫ್ ಇರಲಿ. ಈಗ ಯಾವ ವೆಬ್‌ಸೈಟೂ ತೆರೆಯುವುದಿಲ್ಲ. ಆದರೂ ಕಂಪ್ಯೂಟರ್‌ನಲ್ಲಿರುವ ವಿಡಿಯೊ ಸಾಮಾನ್ಯವಾಗಿ ಓಡುತ್ತದೆ. ಇಲ್ಲದ ಇಂಟರ್ನೆಟ್ ಖರ್ಚಾಗುವುದಾದರೂ ಹೇಗೆ?

ಇದು ಕೆಲಸ ಮಾಡುವುದು ಹೇಗೆ?

ವಿಡಿಯೊ ಇರುವ ಕಂಪ್ಯೂಟರ್ ಇಲ್ಲಿ ಬಡಿಸುವವರಿದ್ದಂತೆ. ಅದಕ್ಕೆ ಸರ್ವರ್ ಎನ್ನುತ್ತಾರೆ. ಅದು ಇಡೀ ಫೈಲನ್ನು ಒಮ್ಮೆಗೇ ಕಳುಹಿಸುವುದಿಲ್ಲ. ಸಣ್ಣ ಸಣ್ಣ ತುಂಡುಗಳಾಗಿ ಕಳುಹಿಸುತ್ತಾ ಹೋಗುತ್ತದೆ. ಟಿವಿ ಅಥವಾ ಮೊಬೈಲ್ ಕೆಲವು ಸೆಕೆಂಡಿನಷ್ಟನ್ನು ಮುಂಗಡವಾಗಿ ಇಟ್ಟುಕೊಂಡು ತೋರಿಸುತ್ತದೆ. ಇದೇ ಸ್ಟ್ರೀಮಿಂಗ್.

ಇದು ಹೊಸ ವಿದ್ಯೆಯೇನಲ್ಲ. ಇಂದು ಕೋಟ್ಯಂತರ ಜನ ಬಳಸುವ ವಿಎಲ್‌ಸಿ ಪ್ಲೇಯರ್ ಹುಟ್ಟಿದ್ದೇ ಹೀಗೆ. 1996ರಲ್ಲಿ ಪ್ಯಾರಿಸ್‌ನ ಎಕೋಲ್ ಸಾಂಟ್ರಾಲ್ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಕ್ಯಾಂಪಸ್‌ನ ಒಳಗಿನ ನೆಟ್‌ವರ್ಕ್‌ನಲ್ಲಿ ವಿಡಿಯೊ ಹರಿಸಲು ಆರಂಭಿಸಿದ ಯೋಜನೆ ಅದು. 2001ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ಬೇರೆ ಬೇರೆ ಕಂಪನಿಗಳ ಟಿವಿ, ಕಂಪ್ಯೂಟರ್‌ಗಳು ಒಂದನ್ನೊಂದು ಗುರುತಿಸಲೆಂದು 2003ರಲ್ಲಿ ಸೋನಿ, ಇಂಟೆಲ್ ಮುಂತಾದ ಕಂಪನಿಗಳು ಸೇರಿ ಒಂದು ಕೂಟ ಕಟ್ಟಿದವು. ಡಿಎಲ್‌ಎನ್‌ಎ ಎಂಬ ಮಾನದಂಡ ಬಂದದ್ದು ಅದರಿಂದ. ಅನೇಕ ಸ್ಮಾರ್ಟ್ ಟಿವಿಗಳಲ್ಲಿ ಈ ಸೌಲಭ್ಯ ಈಗಲೂ ಇದೆ.

ವಿಂಡೋಸ್‌ನಲ್ಲಿ ‘ಮೀಡಿಯಾ ಸ್ಟ್ರೀಮಿಂಗ್’ ಆಯ್ಕೆಯನ್ನು ಆನ್ ಮಾಡಿದರೆ, ಅಥವಾ ಜೆಲ್ಲಿಫಿನ್‌ನಂಥ ಉಚಿತ ತಂತ್ರಾಂಶ ಹಾಕಿದರೆ ಕಂಪ್ಯೂಟರ್ ಸರ್ವರ್ ಆಗುತ್ತದೆ. ವಿಂಡೋಸ್ ಸರ್ವರನ್ನು ಮೊಬೈಲಿನ ವಿಎಲ್‌ಸಿ ಆ್ಯಪ್‌ನಲ್ಲಿ ಲೋಕಲ್ ನೆಟ್‌ವರ್ಕ್ ಅಡಿ ಹುಡುಕಿ. ಜೆಲ್ಲಿಫಿನ್‌ಗೆ ಅದರದೇ ಆ್ಯಪ್ ಇದೆ.

ವಿಡಿಯೊ ನಿಂತು ನಿಂತು ಬರುತ್ತಿದೆಯೇ?

"ನೆಟ್ ಸ್ಲೋ, ದೊಡ್ಡ ಪ್ಯಾಕ್ ಹಾಕಿಸಿ" ಎಂಬ ಸಲಹೆ ಇಲ್ಲಿ ದಂಡ. ಒಂದು ಲೆಕ್ಕ ನೋಡಿ: ಸೆಕೆಂಡಿಗೆ 8 ಮೆಗಾಬಿಟ್ ಬೇಡುವ 2 ಗಂಟೆಯ ಸಿನಿಮಾ ಎಂದರೆ ಒಟ್ಟು 7.2 ಜಿಬಿ. ದಿನಕ್ಕೆ 2 ಜಿಬಿ ಪ್ಯಾಕ್ ಇರುವವರಿಗೆ ಇದು ಅಸಾಧ್ಯದ ಮಾತು. ಮನೆಯ ಒಳಗಿನ ನೆಟ್‌ವರ್ಕ್‌ಗೆ ಇದು ದೊಡ್ಡ ಹೊರೆಯಲ್ಲ. ಹಳೆಯ ನೆಟ್‌ವರ್ಕ್ ಕೇಬಲ್ ವ್ಯವಸ್ಥೆ ಕೂಡ ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುತ್ತದೆ.

ಹಾಗಾಗಿ ತೊಂದರೆ ಇದ್ದರೆ ಹುಡುಕಬೇಕಾದದ್ದು ಮನೆಯೊಳಗೆ. ರೌಟರ್‌ಗೂ ಟಿವಿಗೂ ನಡುವೆ ದಪ್ಪ ಗೋಡೆಗಳಿವೆಯೇ? ಅಕ್ಕಪಕ್ಕದ ಮನೆಗಳ ವೈಫೈಗಳಿಂದ 2.4 ಗಿಗಾಹರ್ಟ್ಸ್ ಕಿಕ್ಕಿರಿದಿದೆಯೇ? ರೌಟರ್ ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿ. ಕಂಪ್ಯೂಟರನ್ನು ರೌಟರ್‌ಗೆ ಕೇಬಲ್‌ನಿಂದ ಜೋಡಿಸಿದರೆ ಇನ್ನೂ ಉತ್ತಮ.

ಡೇಟಾ ನಿಜವಾಗಿ ಖರ್ಚಾಗುವುದು ಯಾವಾಗ?

• ಯೂಟ್ಯೂಬ್ ವಿಡಿಯೊವನ್ನು ಮೊಬೈಲಿನಿಂದ ಟಿವಿಗೆ ‘ಕಾಸ್ಟ್’ ಮಾಡಿದಾಗ. ಆಗ ಟಿವಿ ಅದನ್ನು ನೇರವಾಗಿ ಇಂಟರ್ನೆಟ್‌ನಿಂದಲೇ ತರಿಸಿಕೊಳ್ಳುತ್ತದೆ.
• ವಿಡಿಯೊ ಕಂಪ್ಯೂಟರ್‌ನಲ್ಲಿಲ್ಲದೆ ಗೂಗಲ್ ಫೋಟೊಸ್‌ನಂಥ ಕ್ಲೌಡ್‌ನಲ್ಲಿದ್ದಾಗ.
• ಮನೆಯ ಕಂಪ್ಯೂಟರ್‌ನಲ್ಲಿರುವುದನ್ನು ಊರ ಹೊರಗಿನಿಂದ ನೋಡಿದಾಗ. ಆಗ ಮನೆಯ ಪ್ಯಾಕ್, ಮೊಬೈಲಿನ ಪ್ಯಾಕ್ ಎರಡೂ ಖರ್ಚಾಗುತ್ತವೆ.

ಹೆದರಬೇಕಾದದ್ದು ಡೇಟಾಗಲ್ಲ

ಡಿಎಲ್‌ಎನ್‌ಎ ವಿಧಾನದಲ್ಲಿ ಸಾಮಾನ್ಯವಾಗಿ ಪಾಸ್‌ವರ್ಡ್ ಕೇಳುವುದಿಲ್ಲ. ಅದೇ ವೈಫೈನಲ್ಲಿರುವ ಯಾರು ಬೇಕಾದರೂ ನೀವು ಹಂಚಿದ ಫೋಲ್ಡರ್ ನೋಡಬಹುದು. ಪಿಜಿ, ಹಾಸ್ಟೆಲ್, ಲಾಡ್ಜ್ ವೈಫೈನಲ್ಲಿ ಇದನ್ನು ಆನ್ ಮಾಡಲೇಬೇಡಿ. ಮನೆಯಲ್ಲೂ ಇಡೀ ಡ್ರೈವ್ ಹಂಚಬೇಡಿ. ವಿಡಿಯೊಗಳನ್ನು ಒಂದು ಫೋಲ್ಡರ್‌ಗೆ ಹಾಕಿ ಅದನ್ನಷ್ಟೇ ಹಂಚಿ. ಆಧಾರ್ ಪ್ರತಿ, ಬ್ಯಾಂಕ್ ಕಾಗದಪತ್ರ ಅದರಲ್ಲಿ ಇರದಿರಲಿ. ಬಂದ ನೆಂಟರಿಗೆ ಕೊಡಲು ರೌಟರ್‌ನಲ್ಲಿ ಗೆಸ್ಟ್ ವೈಫೈ ಇದ್ದರೆ ಅದನ್ನೇ ಕೊಡಿ. ಹೊರಗಿನಿಂದಲೂ ನೋಡಬೇಕೆಂದು ಯಾವುದೋ ವಿಡಿಯೊ ನೋಡಿ ರೌಟರ್‌ನ ಪೋರ್ಟ್ ತೆರೆದಿಡುವುದು ಮನೆಯ ಬಾಗಿಲು ತೆರೆದಿಟ್ಟು ಊರಿಗೆ ಹೋದಂತೆ. ಫಾರ್ವರ್ಡ್‌ನಲ್ಲಿ ಬಂದ ಎಪಿಕೆ ಫೈಲ್‌ಗಳನ್ನಂತೂ ಮುಟ್ಟಬೇಡಿ. ಆ್ಯಪ್‌ಗಳನ್ನು ಪ್ಲೇ ಸ್ಟೋರ್‌ನಿಂದಲೇ ಹಾಕಿಕೊಳ್ಳಿ.

ಕೊನೆಯ ಮಾತು

ಮನೆಯ ಕಂಪ್ಯೂಟರ್‌ನಿಂದ ಮನೆಯ ಟಿವಿಗೆ ವಿಡಿಯೊ ಹರಿಸಿದರೆ ನೆಟ್ ಪ್ಯಾಕ್ ಖಾಲಿಯಾಗುತ್ತದೆ ಎಂಬುದು ತಪ್ಪು ಕಲ್ಪನೆ. ಆ ಭಯದಿಂದ ಅಜ್ಜಿಯ ದನಿಯಿರುವ ಹಳೆಯ ವಿಡಿಯೊವೊಂದು ಹಾರ್ಡ್ ಡಿಸ್ಕಿನಲ್ಲೇ ಉಳಿಯಬೇಕಿಲ್ಲ. ಈ ಭಾನುವಾರ ಎಲ್ಲರೂ ಕೂತು ನೋಡಿ. "ಪ್ಯಾಕ್ ಹೋಗುತ್ತೆ" ಎನ್ನುವವರಿಗೆ ಇದನ್ನು ಕಳುಹಿಸಿ.