ಆಪ್ತಸಮಾಲೋಚಕರು: ಭಾರತದಲ್ಲಿ ತರಬೇತಿ ಮತ್ತು ಅರ್ಹತೆ

ಮನೋವೇದನೆ, ಸಂಸಾರದ ಬಿಕ್ಕಟ್ಟು, ದುಶ್ಚಟ, ಓದಿನ ಒತ್ತಡ ಮೊದಲಾದವುಗಳಿಂದ ಬಳಲುವವರಿಗೆ ಔಷಧಿ ಕೊಡದೆ, ಕ್ರಮಬದ್ಧವಾದ ಮಾತುಕತೆಯ ಮೂಲಕ ನೆರವಾಗುವ ವೃತ್ತಿನಿರತರು. ಭಾರತದಲ್ಲಿ ಈ ಕೆಲಸವನ್ನು ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಕೌನ್ಸೆಲಿಂಗ್ ಸೈಕಾಲಜಿ ಓದಿದವರು ಮತ್ತು ಅಲ್ಪಾವಧಿ ತರಬೇತಿ ಪಡೆದ ಸ್ವಯಂಸೇವಕರು ಮಾಡುತ್ತ ಬಂದಿದ್ದಾರೆ. ಇವರಲ್ಲಿ ರಾಷ್ಟ್ರಮಟ್ಟದ ನೋಂದಣಿ ಬಹುಕಾಲದಿಂದ ಕಡ್ಡಾಯವಾಗಿರುವುದು ಮೊದಲನೆಯವರಿಗೆ ಮಾತ್ರ. ಉಳಿದವರ ಅರ್ಹತೆಯನ್ನು ಅಳೆಯುವಾಗಲೂ ಅವರ ತರಬೇತಿಯೇ ಮಾನದಂಡವಾಗಿರುವುದರಿಂದ ಇಲ್ಲಿ ಅದಕ್ಕೆ ಹೆಚ್ಚು ಜಾಗ ಕೊಡಲಾಗಿದೆ.

ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರ ವಿಭಾಗ 1924ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತವರು. ಆದರೆ ವಿಭಾಗದಲ್ಲಿ ಓದಿದವರು ರೋಗಿಗಳನ್ನು ನೋಡುವ ಏರ್ಪಾಡು ಆಗ ಇರಲಿಲ್ಲ. ಅದು ಬಂದದ್ದು ಸ್ವಾತಂತ್ರ್ಯಾನಂತರ. 1946ರ ಭೋರ್ ಸಮಿತಿಯ ವರದಿ ಮಾನಸಿಕ ಆರೋಗ್ಯ ಸಿಬ್ಬಂದಿಯ ತರಬೇತಿಗೆ ಪ್ರತ್ಯೇಕ ಸಂಸ್ಥೆ ಬೇಕೆಂದು ಹೇಳಿತ್ತು. ಅದರಂತೆ 1954ರಲ್ಲಿ ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಜೊತೆಗೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ, ಡಾ. ಎಂ.ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರಾದರು. 1955ರಲ್ಲಿ ವೈದ್ಯರಿಗಾಗಿ ಮನೋವೈದ್ಯ ಡಿಪ್ಲೊಮಾ, ಮನಶ್ಶಾಸ್ತ್ರ ಓದಿದವರಿಗಾಗಿ ವೈದ್ಯಕೀಯ ಮನಶ್ಶಾಸ್ತ್ರ ಡಿಪ್ಲೊಮಾ ಅಲ್ಲಿ ಆರಂಭವಾದವು. ರಾಂಚಿಯಲ್ಲಿ ಇಂಥದೇ ಕೋರ್ಸು ಶುರುವಾದದ್ದು 1962ರಲ್ಲಿ. ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಬೆಂಗಳೂರಿನಲ್ಲಿ 1968ರಲ್ಲಿ ಸೇರಿಕೊಂಡಿತು. 1974ರ ಡಿಸೆಂಬರ್ 27ರಂದು ಆಸ್ಪತ್ರೆಯೂ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆಯಿತು. ಮುಂದೆ ಈ ಡಿಪ್ಲೊಮಾಗಳು ಎರಡು ವರ್ಷದ ಎಂ.ಫಿಲ್. ಪದವಿಗಳಾದವು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲೂ ಈ ಎಂ.ಫಿಲ್. ನಡೆದಿದೆ.

1955ರ ನಿರ್ಧಾರದ ಮಹತ್ವ ಪಠ್ಯಕ್ಕಿಂತ ಸ್ಥಳಕ್ಕೆ ಸಂಬಂಧಿಸಿದ್ದು. ವಿಶ್ವವಿದ್ಯಾನಿಲಯದ ತರಗತಿಯಲ್ಲಿ ಕಲಿಸಬಹುದಾಗಿದ್ದ ವಿಷಯವನ್ನು ಆಸ್ಪತ್ರೆಯ ವಾರ್ಡಿಗೆ ತಂದು, ಮನೋವೈದ್ಯರಾಗುವವರೂ ಮನೋವಿಜ್ಞಾನಿಗಳಾಗುವವರೂ ಒಂದೇ ರೋಗಿಯನ್ನು ನೋಡಿ, ಒಂದೇ ಕೊಠಡಿಯಲ್ಲಿ ಚರ್ಚಿಸುವಂತೆ ಮಾಡಲಾಯಿತು. ಇದರಿಂದ ತರಬೇತಿಗೆ ಗಟ್ಟಿತನ ಬಂತು. ಆದರೆ ಸೀಟುಗಳು ಆಸ್ಪತ್ರೆಯ ಹಾಸಿಗೆ ಮತ್ತು ಅಧ್ಯಾಪಕರ ಲೆಕ್ಕಕ್ಕೆ ಕಟ್ಟುಬಿದ್ದವು. ಕಾಯಿಲೆ ಎನ್ನಲಾಗದ, ಆದರೂ ಮನುಷ್ಯನನ್ನು ಹಣ್ಣು ಮಾಡುವ ದಿನನಿತ್ಯದ ಸಂಕಟಗಳಿಗೆ ಕಿವಿಗೊಡುವವರ ತರಬೇತಿ ಈ ವ್ಯವಸ್ಥೆಯ ಹೊರಗೇ ಉಳಿಯಿತು.

ತರಬೇತಿಯ ಸ್ವರೂಪ

ಕ್ಲಿನಿಕಲ್ ಸೈಕಾಲಜಿಯ ಎಂ.ಫಿಲ್. ಪ್ರವೇಶಕ್ಕೆ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಬೇಕು. ಎರಡು ವರ್ಷವೂ ಪೂರ್ಣಾವಧಿ, ದೂರಶಿಕ್ಷಣಕ್ಕೆ ಅವಕಾಶವಿಲ್ಲ. ವಿದ್ಯಾರ್ಥಿ ಮೊದಲು ಕಲಿಯುವುದು ಕೇಸ್ ಬರೆಯುವುದನ್ನು: ಮಾಹಿತಿ ಕೊಟ್ಟವರು ಯಾರು, ಅವರ ಮಾತು ಎಷ್ಟು ನಂಬಲರ್ಹ, ತೊಂದರೆ ಯಾವಾಗ ಶುರುವಾಯಿತು, ಮನೆಯಲ್ಲಿ ಯಾರಿಗಾದರೂ ಇತ್ತೆ, ಮದುವೆ, ಕೆಲಸ, ಕುಡಿತ. ಅನಂತರ ಮಾನಸಿಕ ಸ್ಥಿತಿಯ ಪರೀಕ್ಷೆ. ಗಮನವನ್ನು ಅಳೆಯಲು ನೂರರಿಂದ ಏಳೇಳು ಕಳೆಯುತ್ತ ಬರಲು ಹೇಳುತ್ತಾರೆ. ಅದು ಕಷ್ಟವಾದರೆ ನಲವತ್ತರಿಂದ ಮೂರು ಮೂರು, ಶಾಲೆಗೆ ಹೋಗದವರಾದರೆ ಇಪ್ಪತ್ತರಿಂದ ಒಂದೊಂದು ಅಥವಾ ವಾರದ ದಿನಗಳನ್ನು ಹಿಂದುಮುಂದಾಗಿ. ಅಮೂರ್ತ ಚಿಂತನೆಯನ್ನು ತಿಳಿಯಲು ಗಾದೆಯ ಅರ್ಥ ಕೇಳುವುದುಂಟು. ‘ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬುದಕ್ಕೆ ಒಬ್ಬರು ತಪ್ಪು ಮಾಡಿದವನ ಅಳುಕನ್ನು ವಿವರಿಸಿದರೆ, ಇನ್ನೊಬ್ಬರು ಕುಂಬಳಕಾಯಿ ಕದ್ದವನ ಕಥೆಯನ್ನೇ ಹೇಳಬಹುದು. ಎರಡನೆಯದು ಕಾಯಿಲೆಯ ಲಕ್ಷಣವೋ, ಆ ಗಾದೆ ಅವರ ಕಡೆ ಬಳಕೆಯಲ್ಲಿಲ್ಲವೋ ಎಂದು ತೀರ್ಮಾನಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ರೋಗಿಯ ಊರು, ಓದು, ಆಡುಭಾಷೆ ಗೊತ್ತಿರಬೇಕು. ಬರೆದದ್ದನ್ನು ಅನುಭವಿಗಳು ಸಾಲುಸಾಲಾಗಿ ತಿದ್ದಬೇಕು.

ಅಳತೆಯ ಪರೀಕ್ಷೆಗಳಲ್ಲೂ ಇದೇ ಪ್ರಶ್ನೆ ಏಳುತ್ತದೆ. ಪಶ್ಚಿಮದ ಬಿನೆ ಬುದ್ಧಿಶಕ್ತಿ ಪರೀಕ್ಷೆಯನ್ನು ನಮ್ಮ ಮಕ್ಕಳಿಗೆ ಹೊಂದಿಸುವ ಕೆಲಸವನ್ನು ವಿ.ವಿ. ಕಾಮತ್ 1930ರ ದಶಕದಲ್ಲಿಯೇ ಕೈಗೊಂಡಿದ್ದರು. ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಅವರು ಸಿದ್ಧಪಡಿಸಿದ ರೂಪ ಬಿನೆ-ಕಾಮತ್ ಪರೀಕ್ಷೆ ಎಂದು ದೇಶದಾದ್ಯಂತ ಬಳಕೆಗೆ ಬಂತು. ಕನ್ನಡದ ನೆಲದಿಂದ ಈ ವೃತ್ತಿಗೆ ಸಂದ ಕೊಡುಗೆಗಳಲ್ಲಿ ಇದನ್ನು ಮುಂಚೂಣಿಯಲ್ಲಿ ಎಣಿಸಬೇಕು. ಆದರೆ ಹಳೆಯ ತಲೆಮಾರಿನ ಮಕ್ಕಳ ಮೇಲೆ ನಿಗದಿಯಾದ ಅಂಕಗಳನ್ನು ಇಂದಿನ ಮಕ್ಕಳಿಗೆ ಎಚ್ಚರದಿಂದ ಅನ್ವಯಿಸಬೇಕು ಎಂಬುದೂ ತರಬೇತಿಯ ಭಾಗವಾಗಿದೆ.

ಚಿಕಿತ್ಸೆಯ ಕಲಿಕೆ ಮೇಲ್ವಿಚಾರಣೆಯಲ್ಲೇ ನಡೆಯುತ್ತದೆ. ವಿದ್ಯಾರ್ಥಿ ನಡೆಸಿದ ಪ್ರತಿ ಭೇಟಿಯ ವಿವರ ಗುರುಗಳ ಮುಂದೆ ಬರಬೇಕು: ಏನು ಕೇಳಿದೆ, ಎಲ್ಲಿ ಅವಸರಪಟ್ಟೆ, ರೋಗಿ ಅತ್ತಾಗ ಏಕೆ ವಿಷಯ ಬದಲಿಸಿದೆ. ಗ್ರಂಥಸಂಖ್ಯೆ, ಅಂಕಪಟ್ಟಿಗಳಿಗಿಂತ ಈ ತಿದ್ದುಪಡಿಯೇ ಅರ್ಹತೆಯ ತಿರುಳು.

ಕಾನೂನು

ಭಾರತೀಯ ಪುನರ್ವಸತಿ ಪರಿಷತ್ತಿನ 1992ರ ಕಾಯಿದೆ ಕ್ಲಿನಿಕಲ್ ಸೈಕಾಲಜಿಸ್ಟರನ್ನು ಕೇಂದ್ರ ಪುನರ್ವಸತಿ ನೋಂದಣಿ ಪುಸ್ತಕಕ್ಕೆ ತಂದಿತು. ನೋಂದಣಿಯಿಲ್ಲದೆ ವೃತ್ತಿ ನಡೆಸಿದರೆ ಒಂದು ವರ್ಷದವರೆಗೆ ಸೆರೆವಾಸ, ಒಂದು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಈ ದಂಡದ ಮೊತ್ತ ಇಂದು ಯಾರನ್ನೂ ಹೆದರಿಸುವಂಥದಲ್ಲ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ, 2017, ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ಮಾನಸಿಕ ಆರೋಗ್ಯ ದಾದಿಯರು ಎಲ್ಲರಿಗೂ ವ್ಯಾಖ್ಯೆ ಕೊಟ್ಟಿತು, ಆಪ್ತಸಮಾಲೋಚಕರಿಗೆ ಕೊಡಲಿಲ್ಲ. ಆ ಕೊರತೆಯನ್ನು ತುಂಬಲು ಹೊರಟದ್ದು ಪೂರಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆ, 2021. ಕ್ಲಿನಿಕಲ್ ಸೈಕಾಲಜಿಸ್ಟರನ್ನು ಬಿಟ್ಟು ಉಳಿದ ಮನಶ್ಶಾಸ್ತ್ರಜ್ಞರು, ಹಲವು ಬಗೆಯ ಸಮಾಲೋಚಕರು, ಸಮಾಜಕಾರ್ಯಕರ್ತರು ಅದರ ಅನುಸೂಚಿಯಲ್ಲಿದ್ದಾರೆ. ಆರೋಗ್ಯ ಆರೈಕೆ ವೃತ್ತಿಪರರಿಗೆ ಕನಿಷ್ಠ 3,600 ಗಂಟೆಗಳ, ಪೂರಕ ವೃತ್ತಿಪರರಿಗೆ 2,000 ಗಂಟೆಗಳ ಓದನ್ನು ಅದು ವಿಧಿಸುತ್ತದೆ. ರಾಜ್ಯ ಪರಿಷತ್ತುಗಳ ಮೂಲಕ ಆಗಬೇಕಾದ ನೋಂದಣಿ ಎಲ್ಲೆಡೆ ನೆಲೆಗೊಳ್ಳಲು ಸಮಯ ಹಿಡಿಯುತ್ತಿದೆ.

ಈ ನಡುವೆ ಯುಜಿಸಿಯ 2022ರ ನಿಯಮಾವಳಿ ಎಂ.ಫಿಲ್. ಪದವಿಯನ್ನೇ ಕೈಬಿಟ್ಟಿತು. ಕ್ಲಿನಿಕಲ್ ಸೈಕಾಲಜಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಮಾತ್ರ 2025-26ರವರೆಗೆ ವಿನಾಯಿತಿ ಸಿಕ್ಕಿತು. ಪುನರ್ವಸತಿ ಪರಿಷತ್ತು ಬದಲಿ ಪಠ್ಯಕ್ರಮಗಳನ್ನು ರೂಪಿಸಿದೆ. ಹೆಸರು ಏನೇ ಇರಲಿ, ಆಸ್ಪತ್ರೆಯಲ್ಲಿನ ಮೇಲ್ವಿಚಾರಣೆ ಸಡಿಲಗೊಂಡರೆ ಏಳು ದಶಕಗಳ ಗಳಿಕೆ ಕೈತಪ್ಪುತ್ತದೆ.

ಸಮಾಲೋಚನೆಯ ಕೋರ್ಸುಗಳು

ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಸ್ನಾತಕೋತ್ತರ ಪದವಿಯನ್ನು ಹಲವು ವಿಶ್ವವಿದ್ಯಾನಿಲಯಗಳು ಕೊಡುತ್ತವೆ. ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಸಮಾಲೋಚನೆ ಡಿಪ್ಲೊಮಾಕ್ಕೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಒಂದು ಕೇಂದ್ರ. ಕೌಟುಂಬಿಕ ನ್ಯಾಯಾಲಯಗಳ 1984ರ ಕಾಯಿದೆ ನ್ಯಾಯಾಲಯಕ್ಕೆ ಸಮಾಲೋಚಕರನ್ನು ಒದಗಿಸಲು ಹೇಳುತ್ತದೆ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್, ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಅರ್ಹ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜಕಾರ್ಯಕರ್ತರಲ್ಲಿ ಒಬ್ಬರಾದರೂ ಇರಬೇಕೆಂದಿತು. ವಾರಾಂತ್ಯದ ಪ್ರಮಾಣಪತ್ರ ಕೋರ್ಸುಗಳು ಕೇಳುವ ಕೌಶಲವನ್ನು ಬೆಳೆಸಬಲ್ಲವು. ಚಿಕಿತ್ಸೆ ನಡೆಸಲು ಅವು ಸಾಲವು.

ಹೋಲಿಕೆಗೆ ನೋಡುವುದಾದರೆ, ಅಮೆರಿಕದಲ್ಲಿ ಸಮಾಲೋಚಕರ ಪರವಾನಗಿ 1976ರಲ್ಲಿ ವರ್ಜೀನಿಯಾದಿಂದ ಆರಂಭವಾಗಿ, 2009ರಲ್ಲಿ ಕ್ಯಾಲಿಫೋರ್ನಿಯಾದ ಕಾಯಿದೆಯೊಂದಿಗೆ ಎಲ್ಲ ರಾಜ್ಯಗಳನ್ನೂ ಮುಟ್ಟಿತು. ಅಲ್ಲಿ ಸ್ನಾತಕೋತ್ತರ ಪದವಿಯ ಮೇಲೆ ಸಾವಿರಾರು ಗಂಟೆಗಳ ಮೇಲ್ವಿಚಾರಿತ ಕೆಲಸ, ಜೊತೆಗೆ ಪರೀಕ್ಷೆ ಕಡ್ಡಾಯ.

ನೆರವು ಬಯಸುವವರು ಸಮಾಲೋಚಕರ ಪದವಿ ಯಾವುದು, ರೋಗಿಗಳೊಡನೆ ಯಾರ ಮೇಲ್ವಿಚಾರಣೆಯಲ್ಲಿ ಎಷ್ಟು ಕಾಲ ಕಲಿತರು ಎಂದು ಸಂಕೋಚವಿಲ್ಲದೆ ಕೇಳಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಲೇಬೇಕು. ನಿಮ್ಹಾನ್ಸ್ ಮುಖ್ಯ ಕೇಂದ್ರವಾಗಿರುವ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯನ್ನು 14416ಕ್ಕೆ ಕರೆ ಮಾಡಿ ಕನ್ನಡದಲ್ಲೂ ಉಚಿತವಾಗಿ ಪಡೆಯಬಹುದು.