ಕಡಲಪಾಚಿಯ ಒಂದು ವಿಷ ಮತ್ತು ಇಲಿಯ ವೇದನೆ

ರೋಗಶಮನಕ್ಕಾಗಿ ಮನುಷ್ಯನು ಗಳಿಸಿದ ಜ್ಞಾನದಲ್ಲಿ ಮೂಕಪ್ರಾಣಿಗಳ ಪಾಲು ಎಷ್ಟೆಂಬುದನ್ನು ಅರಿಯಲು ಕೈನಿಕ್ ಆಮ್ಲವೆಂಬ ಒಂದು ವಸ್ತುವಿನ ಇತಿಹಾಸವೇ ಸಾಕು.

ಜಪಾನಿನ ಜನರು ಒಂದು ಬಗೆಯ ಕೆಂಪು ಕಡಲಪಾಚಿಯನ್ನು ಕರುಳಿನ ಜಂತುಹುಳುಗಳ ನಿವಾರಣೆಗಾಗಿ ಬಹುಕಾಲದಿಂದ ಬಳಸುತ್ತಿದ್ದರು. 1953ರಲ್ಲಿ ಅಲ್ಲಿನ ರಸಾಯನಶಾಸ್ತ್ರಜ್ಞರು ಅದರ ಸಾರವನ್ನು ಬೇರ್ಪಡಿಸಿದರು. ಪಾಚಿಗೆ ಅಲ್ಲಿದ್ದ 'ಕೈನಿನ್‌ಸೊ' ಎಂಬ ಹೆಸರಿನಿಂದಲೇ ಆ ಆಮ್ಲಕ್ಕೂ ಹೆಸರು ಬಂದಿತು. ಮೆದುಳಿನಲ್ಲಿ ಒಂದು ನರಕೋಶವು ಮತ್ತೊಂದನ್ನು ಉದ್ರೇಕಿಸುವುದು ಗ್ಲುಟಮೇಟ್ ಎಂಬ ದ್ರವ್ಯದಿಂದ. ಕೈನಿಕ್ ಆಮ್ಲವು ಇದನ್ನೇ ಹೋಲುತ್ತದೆ. ಆದರೆ ಇದರ ಶಕ್ತಿ ಬಹಳ ಹೆಚ್ಚು.

1969ರಲ್ಲಿ ಅಮೆರಿಕದ ಜಾನ್ ಓಲ್ನಿಯವರು ಎಳೆಯ ಇಲಿಗಳಿಗೆ ಗ್ಲುಟಮೇಟನ್ನು ಕೊಟ್ಟಾಗ ಅವುಗಳ ಮೆದುಳಿನ ಕೋಶಗಳು ಸಾಯುವುದನ್ನು ತೋರಿಸಿದರು. ಅತಿಯಾದ ಉದ್ರೇಕವೇ ನರಕೋಶವನ್ನು ಕೊಲ್ಲುತ್ತದೆ ಎಂಬ ತತ್ತ್ವವು ಹೀಗೆ ರೂಪುಗೊಂಡಿತು. 1978ರಲ್ಲಿ ನ್ಯಾಡ್ಲರ್, ಪೆರಿ ಮತ್ತು ಕಾಟ್‌ಮನ್ ಅವರು ಇಲಿಯ ಮೆದುಳಿಗೆ ಕೈನಿಕ್ ಆಮ್ಲವನ್ನು ಸೇರಿಸಿದಾಗ, ನೆನಪಿಗೆ ಆಧಾರವಾದ ಹಿಪೊಕ್ಯಾಂಪಸ್ ಎಂಬ ಭಾಗದ ಕೋಶಗಳು ವಿಶೇಷವಾಗಿ ನಾಶವಾದವು. ಅಪಸ್ಮಾರದ ರೋಗಿಗಳಲ್ಲಿ ಕಾಣುವ ಹಾನಿಗೆ ಇದು ಸಮೀಪವಾಗಿತ್ತು. ಅಂದಿನಿಂದ ಈ ಪ್ರಯೋಗವು ಅನೇಕ ದೇಶಗಳ ಪ್ರಯೋಗಶಾಲೆಗಳಿಗೆ ಹಬ್ಬಿತು.

ಆ ಇಲಿಯು ಅನುಭವಿಸುವುದೇನು? ಮೊದಲು ನಿಶ್ಚಲವಾಗಿ ದಿಟ್ಟಿಸುತ್ತದೆ, ಬಳಿಕ ಮೈ ಕೊಡವುತ್ತದೆ, ಮುಂಗಾಲುಗಳು ನಡುಗುತ್ತವೆ, ಹಿಂಗಾಲಿನ ಮೇಲೆದ್ದು ಉರುಳಿ ಬೀಳುತ್ತದೆ. ಇದು ಗಂಟೆಗಟ್ಟಲೆ ನಡೆಯಬಹುದು. ಕೆಲವು ಸಾಯುತ್ತವೆ. ಉಳಿದವುಗಳಲ್ಲಿ ಹಲವಕ್ಕೆ ವಾರಗಳು ಕಳೆದ ಮೇಲೆ ಮೂರ್ಛೆಯು ತಾನಾಗಿಯೇ ಮರುಕಳಿಸುತ್ತದೆ.

ಈ ಜ್ಞಾನವು ವ್ಯರ್ಥವಾಗಲಿಲ್ಲವೆಂಬುದೂ ಸತ್ಯ. 1987ರಲ್ಲಿ ಕೆನಡಾ ದೇಶದಲ್ಲಿ ಚಿಪ್ಪುಮೀನನ್ನು ತಿಂದ ನೂರಕ್ಕೂ ಹೆಚ್ಚು ಜನರು ಅಸ್ವಸ್ಥರಾದರು. ಕೆಲವರು ಮಡಿದರು, ಕೆಲವರು ನೆನಪಿನ ಶಕ್ತಿಯನ್ನೇ ಕಳೆದುಕೊಂಡರು. ಕಾರಣವಾದ ಡೊಮೊಯಿಕ್ ಆಮ್ಲವು ಕೈನಿಕ್ ಆಮ್ಲದ ಸಂಬಂಧಿ. ಮೃತರ ಮೆದುಳಿನಲ್ಲಿ ಕಂಡ ಹಾನಿಯು ಇಲಿಗಳಲ್ಲಿ ಮೊದಲೇ ಕಂಡಿದ್ದ ಹಾನಿಯನ್ನು ಹೋಲುತ್ತಿತ್ತು. ಆದ್ದರಿಂದಲೇ ವೈದ್ಯರಿಗೆ ಅದರ ಅರ್ಥವು ತಿಳಿಯಿತು.

ಇಲ್ಲಿ ವಿವೇಕವು ಎಚ್ಚರದಿಂದಿರಬೇಕು. ನಮ್ಮ ದೇಶದ 1960ರ ಪ್ರಾಣಿಹಿಂಸಾ ನಿವಾರಣ ಕಾಯಿದೆಯು, ಸಾಧ್ಯವಿದ್ದೆಡೆ ದೊಡ್ಡ ಪ್ರಾಣಿಗಳನ್ನು ಬಿಟ್ಟು ಇಲಿ, ಮೊಲಗಳಂಥ ಚಿಕ್ಕ ಪ್ರಾಣಿಗಳ ಮೇಲೆ ಪ್ರಯೋಗ ನಡೆಯಲೆಂದು ಆಶಿಸುತ್ತದೆ. ನಮ್ಮ ಆಗಮದ ಎಣಿಕೆ ಬೇರೆ. ಇಲಿಯೂ ಆನೆಯೂ ಮನುಷ್ಯನೂ ಪಂಚೇಂದ್ರಿಯ ಜೀವಿಗಳೇ. ದೇಹ ಕಿರಿದಾದ ಮಾತ್ರಕ್ಕೆ ವೇದನೆ ಕಿರಿದಾಗದು. ಆದರೆ ಅದೇ ಕಾಯಿದೆಯು, ಪುಸ್ತಕ, ಪ್ರತಿಕೃತಿ, ಚಲನಚಿತ್ರಗಳಿಂದ ಕಲಿಸಲು ಸಾಧ್ಯವಿದ್ದಲ್ಲಿ ಪ್ರಾಣಿಪ್ರಯೋಗವನ್ನು ಕೈಬಿಡಬೇಕೆಂದೂ ಹೇಳುತ್ತದೆ. ಇದು ನಮಗೆ ಪೂರ್ಣ ಸಮ್ಮತ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಅವರು ಬದಲಿ ವಿಧಾನ, ಸಂಖ್ಯೆಯ ಇಳಿಕೆ, ಯಾತನೆಯ ಇಳಿಕೆ ಎಂಬ ಮೂರು ನಿಯಮಗಳನ್ನು ವಿಜ್ಞಾನಿಗಳ ಮುಂದಿಟ್ಟಿದ್ದರು.

ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣದಲ್ಲಿಯೇ ಪ್ರಮಾದವನ್ನು ಸೇರಿಸಿದೆ. ಈಗಾಗಲೇ ತಿಳಿದುದನ್ನು ಮತ್ತೆ ತಿಳಿಯಲು ಜೀವಿಯನ್ನು ನರಳಿಸುವುದು ಪ್ರಮಾದವಲ್ಲದೆ ಮತ್ತೇನು? ಅಪಸ್ಮಾರದಿಂದ ಬಳಲುವ ಮಗುವಿನ ಔಷಧಿಯನ್ನು ಯಾರೂ ನಿಲ್ಲಿಸತಕ್ಕದ್ದಲ್ಲ; ಆ ಮಗುವಿನ ಪ್ರಾಣರಕ್ಷಣೆಯೂ ದಯೆಯೇ. ಆದರೆ ವಿದ್ಯಾಲಯಗಳಿಗೂ ಆಸ್ಪತ್ರೆಗಳಿಗೂ ದಾನ ನೀಡುವ ನಮ್ಮ ಬಸದಿಗಳ ಟ್ರಸ್ಟುಗಳು, ಪ್ರಾಣಿಯನ್ನು ಬಳಸದ ವಿಧಾನವು ಲಭ್ಯವಿದೆಯೇ ಎಂದು ಮೊದಲು ಕೇಳಲಿ. ಆ ಪ್ರಶ್ನೆಯೂ ದಾನದ ಒಂದು ಅಂಗವೇ ಆಗಿದೆ.